ಕಾರಿಗಿಂತ ಮೊದಲು ಅರ್ಥಿಂಗ್ ನೋಡಿ

ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರು ನನ್ನನ್ನು ಮನೆಗೆ ಕರೆಸಿ ಮೊದಲು ಕೇಳುವುದು, 'ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತೆ?' ಅಂತ. ನಾನು ಮೈಸೂರಿನ ಶ್ರೀರಾಂಪುರದಲ್ಲಿ ವೈರಿಂಗ್ ಮಾಡಿಕೊಂಡಿರುವವನು, ಕಾರು ಮಾರುವವನಲ್ಲ. ಈಗ ಬರುವ ಹೆಚ್ಚಿನ ಕಾರುಗಳು ಇಲ್ಲಿಂದ ಬೆಂಗಳೂರಿಗೆ ನಿಲ್ಲದೆ ಹೋಗುತ್ತವೆ. ನಾನು ತಿರುಗಿ ಕೇಳುವುದೇ ಬೇರೆ: ಮನೆಯ ಅರ್ಥಿಂಗ್ ಮಾಡಿಸಿದ್ದು ಯಾವಾಗ?

ಮನೆ ಕಟ್ಟುವಾಗ ಇದ್ದಿಲು, ಉಪ್ಪು ಸುರಿದು ಪೈಪು ಹೂತಿರುತ್ತಾರೆ. ಆಮೇಲೆ ಅದಕ್ಕೆ ಒಂದು ಚೊಂಬು ನೀರು ಹಾಕಿದವರಿಲ್ಲ. ಎಷ್ಟೋ ಕಡೆ ಅದರ ಮೇಲೇ ಟೈಲ್ಸ್ ಕೂತಿದೆ. ಫ್ರಿಜ್ಜು, ಟಿವಿ ಹೇಗೋ ಸಹಿಸಿಕೊಳ್ಳುತ್ತವೆ. ಕಾರಿನ ಚಾರ್ಜರ್ ಒಪ್ಪುವುದಿಲ್ಲ, ಕೆಂಪು ದೀಪ ಹಾಕಿ ಕೂತುಬಿಡುತ್ತದೆ. ಇವರು ಶೋರೂಮಿನವರ ಮೇಲೆ ಕೂಗಾಡುತ್ತಾರೆ. ಅರ್ಥಿಂಗ್ ಆದ ಮೇಲೆ ವೈರಿನ ಮಾತು. ಗೀಸರ್ ಉರಿಯುವುದು ಕಾಲು ಗಂಟೆ. ಕಾರು ಹಾಗಲ್ಲ, ರಾತ್ರಿಯಿಡೀ ಮೂರು ಕಿಲೋವಾಟ್ ಎಳೆಯುತ್ತದೆ. 30 ಯೂನಿಟ್ಟಿನ ಬ್ಯಾಟರಿ ತುಂಬಲು ಹತ್ತು ಗಂಟೆಯಾದರೂ ಬೇಕು. ಅದಕ್ಕೆ ಮೀಟರ್ ಬೋರ್ಡಿನಿಂದಲೇ ಬೇರೆ ವೈರು, ಬೇರೆ ಎಂಸಿಬಿ ಇರಬೇಕು. ಇಸ್ತ್ರಿ ಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಕರಗಿದ ಪ್ಲಗ್ ಕೈಯಲ್ಲಿ ಹಿಡಿದು ಬಂದವರಿದ್ದಾರೆ.

ಬಿಲ್ಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 150 ಯೂನಿಟ್ ಹೆಚ್ಚುತ್ತದೆ. ಮನೆಯದೂ ಸೇರಿ 200 ದಾಟಿದರೆ ಗೃಹಜ್ಯೋತಿಯ ಉಚಿತ ಕರೆಂಟು ಇಲ್ಲ, ಇಡೀ ಬಿಲ್ಲು ಕಟ್ಟಬೇಕು. ಆಗ ಮನೆಯಾಕೆಯ ಮುಖ ನೋಡಬೇಕು! ಕಟ್ಟಿದರೂ ಪೆಟ್ರೋಲಿನ ಅರ್ಧದಷ್ಟೂ ಆಗುವುದಿಲ್ಲ, ಬಿಡಿ. ಕರೆಂಟೂ ಕಲ್ಲಿದ್ದಲಿನದೇ ಅಲ್ವಾ ಎನ್ನುವವರಿಗೆ: ರಾಯಚೂರಿನ ಕಲ್ಲಿದ್ದಲೂ ಇದೆ, ಶರಾವತಿಯ ನೀರೂ ಪಾವಗಡದ ಬಿಸಿಲೂ ಇವೆ. ಬಿಸಿಲಿನ ಕರೆಂಟು ಹಗಲಿನದು, ನಾವು ಚಾರ್ಜಿಗೆ ಹಾಕುವುದು ರಾತ್ರಿ. ಆಫೀಸುಗಳ ಪಾರ್ಕಿಂಗಿನಲ್ಲೂ ಪ್ಲಗ್ ಬೇಕು ಅನ್ನುವುದು ಅದಕ್ಕೇ.

ಇದೆಲ್ಲ ಸ್ವಂತ ಮನೆಯವರ ಮಾತಾಯಿತು. ನಮ್ಮ ಬಡಾವಣೆಯ ಮೂವತ್ತು-ನಲವತ್ತರ ಸೈಟಿನಲ್ಲಿ ಓನರ್ ಮೇಲೆ, ಕೆಳಗೆ ಎರಡು ಬಾಡಿಗೆ ಮನೆ. ಪೋರ್ಟಿಕೋದಲ್ಲಿ ಜಾಗ ಒಂದೇ ಕಾರಿಗೆ. ಬಾಡಿಗೆಗೋ ಭೋಗ್ಯಕ್ಕೋ ಇರುವವರ ಕಾರು ರಸ್ತೆಯಲ್ಲೇ ಮಲಗಬೇಕು. ಕಿಟಕಿಯಿಂದ ಫುಟ್‌ಪಾತ್ ದಾಟಿಸಿ ವೈರು ಎಳೆದುಕೊಡಿ ಎಂದು ಕೇಳುತ್ತಾರೆ. ಮಕ್ಕಳು ಓಡಾಡುವ ಜಾಗ, ನಾನು ಒಪ್ಪುವುದಿಲ್ಲ. ಸರ್ಕಾರ ರಿಯಾಯಿತಿಯನ್ನೇನೋ ಕೊಡುತ್ತದೆ: ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಐದೇ ಪರ್ಸೆಂಟು. 25 ಲಕ್ಷ ಮೀರಿದ ಕಾರುಗಳಿಗೆ ರಾಜ್ಯ ಸರ್ಕಾರ 2024ರಲ್ಲಿ ರಸ್ತೆ ತೆರಿಗೆ ಹಾಕಿದ್ದು ಸರಿಯೇ. ಆದರೆ ಗೇಟು, ಪೋರ್ಟಿಕೋ ಇಲ್ಲದವರು ಈ ರಿಯಾಯಿತಿಯನ್ನು ಇಟ್ಟುಕೊಂಡು ಏನು ಮಾಡಬೇಕು?

ಚಾರ್ಜರ್ ಎಂದರೆ ಎಲ್ಲರ ಬಾಯಲ್ಲೂ ಹೆದ್ದಾರಿಯ ಫಾಸ್ಟ್ ಚಾರ್ಜರ್. ದಿನಾ ಕುವೆಂಪುನಗರಕ್ಕೋ ಹೆಬ್ಬಾಳಕ್ಕೋ ಹೋಗಿ ಬರುವವರಿಗೆ ಅದು ಬೇಕಿಲ್ಲ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಎಲೆಕ್ಟ್ರಿಕ್ ಕಾರು ಕೂಡ ಮನೆಯ 15 ಆಂಪ್ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತಿತ್ತು. ಆ ಪ್ಲಗ್ಗನ್ನೇ ಮೀಟರ್ ಸಮೇತ ಪಾರ್ಕಿನ ಕಾಂಪೌಂಡಿಗೆ, ಲೈಟ್ ಕಂಬಗಳಿಗೆ ತನ್ನಿ. ಹೊಸ ಮನೆಗೆ ಲೈಸೆನ್ಸ್ ಕೊಡುವವರು ಪ್ರತಿ ಬಾಡಿಗೆ ಮನೆಯ ಮೀಟರಿನಿಂದ ಗೇಟಿನವರೆಗೆ ಒಂದು ಖಾಲಿ ಪೈಪು ಕಡ್ಡಾಯ ಮಾಡಲಿ. ಕಟ್ಟುವಾಗ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಗೋಡೆ ಕೊರೆಸಿದರೆ ಲಾಭ ನನಗೇ, ಆದರೂ ಹೇಳುತ್ತಿದ್ದೇನೆ.