ಉಳಿತಾಯ ಯಜಮಾನರಿಂದ ಆರಂಭವಾಗಲಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡಗಳನ್ನೂ ವೇಗದ ರೈಲುಗಳನ್ನೂ ವರ್ಣಿಸುವುದು ವಾಡಿಕೆ. ಜಪಾನಿನಲ್ಲಿ ಕೆಲವು ದಿನ ತಿರುಗಾಡಿದ ನಮಗೆ ಸದಸ್ಯ ಬಾಂಧವರ ಮುಂದಿಡಬೇಕೆನಿಸಿದ್ದು ಅಲ್ಲಿನ ಬಚ್ಚಲುಮನೆಯ ವಿಷಯ.

ಅಲ್ಲಿ ಹೊರಗೆ ಕುಳಿತು ಸೋಪು ಹಚ್ಚಿ ಮೈ ತೊಳೆದ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಹಾಗಾಗಿ ಒಮ್ಮೆ ಕಾಯಿಸಿದ ನೀರು ಮನೆಮಂದಿಗೆಲ್ಲ ಸಾಕು. ಒಬ್ಬರು ಎದ್ದು ಇನ್ನೊಬ್ಬರು ಬರುವವರೆಗೆ ತೊಟ್ಟಿಗೆ ಮುಚ್ಚಳ ಹಾಕುತ್ತಾರೆ. ಉಳಿದ ನೀರು ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯಲು ಹೋಗುತ್ತದೆ. ಒಂದೇ ನೀರಿನ ಸ್ನಾನ ನಮ್ಮವರಿಗೆ ಒಗ್ಗಲಿಕ್ಕಿಲ್ಲ. ಆದರೆ ಹಂಡೆಗೆ ಮುಚ್ಚಳ ಹಾಕಲು ಯಾವ ಮಡಿಯೂ ಅಡ್ಡ ಬರುವುದಿಲ್ಲ.

ಚಳಿಗಾಲದಲ್ಲಿ ಇಡೀ ಮನೆಯನ್ನು ಬಿಸಿ ಮಾಡುವ ಬದಲು 'ಕೊತಾತ್ಸು' ಎಂಬ ಗಿಡ್ಡ ಮೇಜಿನಡಿ ಸಣ್ಣ ಹೀಟರ್ ಇಟ್ಟು, ರಜಾಯಿ ಹೊದಿಸಿ, ಎಲ್ಲರೂ ಕಾಲು ಒಳಗಿಟ್ಟು ಕೂರುತ್ತಾರೆ. ಬಹುಮಹಡಿ ಮನೆಗಳಲ್ಲೂ ಬಟ್ಟೆ ಒಣಗುವುದು ಬಿಸಿಲಿಗೇ.

ಇದು ಜಿಪುಣತನವಲ್ಲ. ತನಗೆ ಬೇಕಾದ ತೈಲವನ್ನು ಬಹುಪಾಲು ಹೊರಗಿನಿಂದಲೇ ತರಿಸುವ ದೇಶ ಅದು. 1973ರ ತೈಲ ಬಿಕ್ಕಟ್ಟಿನಿಂದ ಪಾಠ ಕಲಿತು, 1979ರಲ್ಲಿ ಇಂಧನ ಉಳಿತಾಯಕ್ಕೆಂದೇ ಕಾನೂನು ಮಾಡಿದರು. 2005ರ ಬೇಸಿಗೆಯಲ್ಲಿ ಕಚೇರಿಗಳ ಏರ್ ಕಂಡೀಷನರ್ 28 ಡಿಗ್ರಿಗಿಂತ ಕೆಳಗಿಳಿಯದಿರಲಿ, ಕೋಟು-ಟೈ ಬಿಟ್ಟು ಬನ್ನಿ ಎಂದು ಸರ್ಕಾರ ಕರೆ ಕೊಟ್ಟಾಗ, ಪ್ರಧಾನಿ ಕೊಯಿಜುಮಿಯವರು ತಾವೇ ಟೈ ಇಲ್ಲದೆ ಕಾಣಿಸಿಕೊಂಡರು. 2011ರ ಭೂಕಂಪ, ಸುನಾಮಿಯಿಂದ ಫುಕುಶಿಮಾ ಅಣುಸ್ಥಾವರ ಹಾಳಾದ ವರ್ಷದ ಬೇಸಿಗೆಯಲ್ಲಿ, ಟೋಕಿಯೋ ಸುತ್ತಿನ ದೊಡ್ಡ ಬಳಕೆದಾರರು ಬೇಡಿಕೆ ಹೆಚ್ಚಿರುವ ಹೊತ್ತಿನ ವಿದ್ಯುತ್ ಬಳಕೆಯನ್ನು ಶೇ. 15ರಷ್ಟು ಇಳಿಸಬೇಕೆಂದು ಆಜ್ಞೆಯಾಯಿತು.

ನಾವು ಗಮನಿಸಬೇಕಾದದ್ದು ಇದನ್ನೇ: ಅಲ್ಲಿ ಉಳಿತಾಯ ದೊಡ್ಡವರಿಂದ ಆರಂಭವಾಯಿತು. ನಮ್ಮ ಕಡೆ ಉಪದೇಶವೆಲ್ಲ ಕೆಳಗಿನವರಿಗೆ. ಲೈನ್ ಮನೆಯವರು ಸೌದೆ ಹೆಚ್ಚು ಸುಡುತ್ತಾರೆಂದು ದೂರುವ ಯಜಮಾನರ ಮನೆಯ ಹಂಡೆ ಒಲೆ ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಿರುತ್ತದೆ. ತೋಟದ ಸೌದೆಗೆ ದುಡ್ಡು ಕೊಡಬೇಕಿಲ್ಲ ಎಂಬ ಮಾತು ಲೆಕ್ಕಕ್ಕೆ ನಿಲ್ಲದು. ಆ ಸೌದೆ ಬರುವುದು ಕಾಫಿಗೆ ನೆರಳು ಕೊಡುವ ಮರದಿಂದ, ಅಡಿಕೆಗೆ ಸೊಪ್ಪು ಕೊಡುವ ಬೆಟ್ಟದಿಂದ.

ಪಂಪ್‌ಸೆಟ್ಟಿನ ವಿಷಯವೂ ಹೀಗೆಯೇ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಎಲ್ಲರೂ ಏಕಕಾಲಕ್ಕೆ ಮೋಟಾರ್ ಹಾಕಿದರೆ ವೋಲ್ಟೇಜ್ ಬೀಳುತ್ತದೆ, ಸುಡುವುದು ನಮ್ಮದೇ ಕಾಯಿಲ್. ಸರದಿ ಗೊತ್ತುಮಾಡಿಕೊಳ್ಳಲು ಯಾವ ಸರ್ಕಾರದ ಆಜ್ಞೆಯೂ ಬೇಕಿಲ್ಲ. ಅಕ್ಕಪಕ್ಕದ ತೋಟದವರು ಒಂದು ಸಂಜೆ ಕೂತು ಮಾತಾಡಿದರೆ ಸಾಕು.

ಮುಂದಿನ ಮಹಾಸಭೆಯಲ್ಲಿ ಊರುವಾರು ಇಂಥ ಸರದಿ ಪಟ್ಟಿ ತಯಾರಾಗಲಿ ಎಂಬುದು ನಮ್ಮ ಸಲಹೆ. ಪಟ್ಟಿಯಲ್ಲಿ ಅನನುಕೂಲದ ಹೊತ್ತು, ಅಂದರೆ ನಡುರಾತ್ರಿಯ ಸರದಿ, ಮೊದಲು ನಿರ್ದೇಶಕರ ಹೆಸರಿಗೇ ಬೀಳಲಿ. ಆಮೇಲೆ ಉಳಿದವರಿಗೆ ಹೇಳುವ ಕೆಲಸ ಹಗುರವಾದೀತು.