ಪವಾಯಿಯ ದಾರಿಯಿಂದ: ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರ ಸನ್ನಿಧಿಗೆ, ಮುಂಬಯಿಯ ಘಾಟ್ಕೋಪರದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗನೊಬ್ಬನ ವಿಜ್ಞಾಪನೆ.

ತಮ್ಮ ಪೀಠಕ್ಕೆ ಪತ್ರ ಬರೆಯುವ ಅಧಿಕಾರ ಈತನಿಗೆ ಎಲ್ಲಿಂದ ಬಂತೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಹೆಸರಿರುವುದು ಮಹಾರಾಷ್ಟ್ರದ ಮತದಾರರ ಪಟ್ಟಿಯಲ್ಲಿ. ವಿಧಾನಸೌಧದಲ್ಲಿ ಕುಳಿತವರ ಪೈಕಿ ಯಾರೊಬ್ಬರನ್ನೂ ಆರಿಸಿ ಕಳುಹಿಸಿದವನು ನಾನಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹದ ಹೊರಜಗಲಿಯಲ್ಲೋ ಊರಿನ ರಾಜಕಾರಣದ ಮಾತು ಕಾವೇರಿದಾಗ, "ಬಿಡಿ ಸ್ವಾಮಿ, ನಮಗೇನು ಅಲ್ಲಿ ಓಟಿದೆಯೇ?" ಎಂದು ಯಾರಾದರೊಬ್ಬರು ಚರ್ಚೆಗೆ ತೆರೆಯೆಳೆಯುವುದು ನಮ್ಮಲ್ಲಿ ವಾಡಿಕೆ. ಆದರೆ 2019ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕರ್ನಾಟಕ ಸರಕಾರದ ಅಳಿವು ಉಳಿವುಗಳು ವಿಧಾನಸೌಧದ ಸಭಾಂಗಣದಲ್ಲಿ ಎಷ್ಟರ ಮಟ್ಟಿಗೆ ನಿರ್ಣಯಗೊಂಡವೋ ಅಷ್ಟೇ ಮಟ್ಟಿಗೆ ನಮ್ಮ ಈ ನಗರದ ಉಪನಗರವೊಂದರಲ್ಲಿ ನಿರ್ಣಯಗೊಂಡುದರಿಂದ, ಮತದಾರನ ಅಧಿಕಾರ ನನಗಿಲ್ಲವಾದರೂ ಸಾಕ್ಷಿಯ ಅಧಿಕಾರವಾದರೂ ಇದೆಯೆಂದು ಭಾವಿಸಿದ್ದೇನೆ.

ಆ ತಿಂಗಳ 6ನೆಯ ತಾರೀಖಿನಂದು ಸಮ್ಮಿಶ್ರ ಸರಕಾರದ ಪಕ್ಷಗಳಿಗೆ ಸೇರಿದ ಹತ್ತಕ್ಕೂ ಮಿಕ್ಕ ಶಾಸಕರು ತಮ್ಮ ರಾಜೀನಾಮೆಯ ಓಲೆಗಳನ್ನು ಸಭಾಧ್ಯಕ್ಷರ ಕಚೇರಿಯಲ್ಲಿ ಬಿಟ್ಟರು; ಅವರಲ್ಲಿ ಬಹುಪಾಲು ಮಂದಿ ವಿಮಾನವೇರಿ ಮುಂಬಯಿಗೆ ಬಂದಿಳಿದರು. ಮೊದಲು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಬೀಡುಬಿಟ್ಟು, ಬಳಿಕ ಪವಾಯಿ ಕೆರೆಯ ದಡದ ಪಂಚತಾರಾ ಹೋಟೆಲೊಂದಕ್ಕೆ ವಾಸ್ತವ್ಯವನ್ನು ಬದಲಿಸಿದರು. ಕನ್ನಡಿಗನಿಗೂ ಮುಂಬಯಿಯ ಹೋಟೆಲಿಗೂ ಇರುವ ನಂಟು ಹಳೆಯದು. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತು, ಮುಂದೆ ತಾವೇ ಗಲ್ಲೆಯಲ್ಲಿ ಕುಳಿತರೆಂಬುದು ಇಲ್ಲಿನ ಮನೆಮನೆಯ ಕಥೆ. ಜನಪ್ರತಿನಿಧಿಯೊಬ್ಬನು ತನ್ನನ್ನು ಆರಿಸಿದ ಜನರಿಂದಲೇ ಮರೆಯಾಗಿರುವುದಕ್ಕೆ ಮುಂಬಯಿಯ ಹೋಟೆಲನ್ನು ಆಶ್ರಯಿಸಿದ್ದನ್ನು ಮಾತ್ರ ನಾವು ನೋಡಿದ್ದು ಆಗಲೇ.

ಜುಲೈ 10ರ ಬೆಳಿಗ್ಗೆ ಮಳೆ ಹುಯ್ಯುತ್ತಿತ್ತು. ಕರ್ನಾಟಕದ ಮಂತ್ರಿಗಳಾಗಿದ್ದ ಶ್ರೀ ಡಿ. ಕೆ. ಶಿವಕುಮಾರರು ತಮಗೂ ಅದೇ ಹೋಟೆಲಿನಲ್ಲಿ ಕೋಣೆ ಕಾದಿರಿಸಿದೆಯೆಂದೂ ಮಿತ್ರರನ್ನು ಕಾಣಲು ಬಂದಿರುವೆನೆಂದೂ ಹೇಳುತ್ತ ಬಾಗಿಲಿಗೆ ಬಂದರೆ, ಒಳಗಿದ್ದ ಮಿತ್ರರು ಆತನಿಂದ ತಮಗೆ ಅಪಾಯವಿದೆಯೆಂದು ಮುಂಬಯಿ ಪೋಲೀಸರಿಗೆ ಮೊದಲೇ ಬರೆದುಕೊಟ್ಟಿದ್ದರು. ಕೋಣೆ ರದ್ದಾಗಿತ್ತು, ನಿಷೇಧಾಜ್ಞೆ ಜಾರಿಯಾಗಿತ್ತು, ಮಂತ್ರಿಗಳು ಮಳೆಯಲ್ಲೇ ಗಂಟೆಗಟ್ಟಲೆ ಕುಳಿತರು, ಕೊನೆಗೆ ಪೋಲೀಸರು ಅವರನ್ನು ವಶಕ್ಕೆ ತೆಗೆದುಕೊಂಡು, ಕಲೀನಾದ ವಿಶ್ವವಿದ್ಯಾಲಯದ ಅತಿಥಿಗೃಹಕ್ಕೆ ಒಯ್ದು, ಅಲ್ಲಿಂದ ಬೆಂಗಳೂರಿಗೆ ಮರಳಿಸಿದರು. ನಾನು ಹೋಗುತ್ತಿದ್ದ ಬೆಸ್ಟ್ ಬಸ್ಸು ಆ ದಾರಿಯಲ್ಲಿ ನಿಂತೇ ಇತ್ತು. ಒದ್ದೆ ರೇನುಕೋಟಿನ ಪೋಲೀಸರ ಸಾಲನ್ನೂ ಕೊಡೆಯ ಕೆಳಗೆ ಕ್ಯಾಮರಾ ಹಿಡಿದು ನಿಂತಿದ್ದವರನ್ನೂ ಕಿಟಕಿಯಿಂದ ಬಗ್ಗಿ ನೋಡಿದ ಕಂಡಕ್ಟರನು, ಹೊರಗಿರುವವರು ಯಾರು, ಒಳಗಿರುವವರು ಯಾರು ಎಂದು ಮರಾಠಿಯಲ್ಲಿ ವಿಚಾರಿಸಿದ. ಇಬ್ಬರೂ ಕರ್ನಾಟಕದವರೇ ಎಂದೆ. "ಮತ್ತೆ ಇಲ್ಲೇಕೆ ಬಂದಿದ್ದಾರೆ?" ಎಂದ. ಟಿಕೇಟಿನ ಚಿಲ್ಲರೆಯನ್ನು ಎಣಿಸಿ ನನ್ನ ಕೈಗಿತ್ತು ಮುಂದಿನ ಆಸನಕ್ಕೆ ಹೋದ. ನನ್ನಿಂದ ಉತ್ತರ ಬರಲಿಲ್ಲ.

ಉತ್ತರವಿರಲಿಲ್ಲವೆಂದಲ್ಲ, ಒಂದೇ ಪಕ್ಷದ ಮೇಲೆ ಹೊರಿಸಬಹುದಾದಷ್ಟು ಸರಳವಾದ ಉತ್ತರವಿರಲಿಲ್ಲ. 2002ರಲ್ಲಿ ವಿಲಾಸರಾವ್ ದೇಶಮುಖರ ಸರಕಾರ ಅಲುಗಾಡಿದಾಗ ಮಹಾರಾಷ್ಟ್ರದ ಶಾಸಕರನ್ನು ಬೆಂಗಳೂರಿನ ಹೊರವಲಯದ ವಿಹಾರಧಾಮದಲ್ಲಿ ಇರಿಸಿ ಉಪಚರಿಸಿದವರಲ್ಲಿಯೂ, 2017ರಲ್ಲಿ ರಾಜ್ಯಸಭೆಯ ಚುನಾವಣೆಗೆ ಮುಂಚೆ ಗುಜರಾತಿನ ಶಾಸಕರನ್ನು ಹಾಗೆಯೇ ಕಾದವರಲ್ಲಿಯೂ ಪ್ರಮುಖರೆಂದರೆ ಅಂದು ಪವಾಯಿಯ ಮಳೆಯಲ್ಲಿ ನೆನೆದ ಆ ಮಂತ್ರಿಗಳೇ. ಈ ವಿದ್ಯೆಯಲ್ಲಿ ಎಲ್ಲ ಪಕ್ಷಗಳೂ ಒಂದೇ ಮಠದಲ್ಲಿ ಓದಿವೆ. ಆತಿಥ್ಯ ನೀಡಿದ ಈ ನಗರವೂ ಅದರಿಂದ ಹೊರತಾಗಲಿಲ್ಲ: 2019ರ ನವೆಂಬರಿನಲ್ಲಿ ತಾವು 162 ಮಂದಿ ಇದ್ದೇವೆಂದು ತೋರಿಸಲು ಮಹಾರಾಷ್ಟ್ರದ ಶಾಸಕರು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಸಾಲಾಗಿ ನಿಂತರು, 2022ರ ಜೂನಿನಲ್ಲಿ ಇಲ್ಲಿನ ಆಳುವ ಪಕ್ಷದವರೇ ರಾತ್ರೋರಾತ್ರಿ ಸೂರತ್ತಿಗೂ ಅಲ್ಲಿಂದ ಗುವಾಹಾಟಿಗೂ ತೆರಳಿದರು.

ಈ ಪತ್ರದ ಮುಖ್ಯಾಂಶಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಸರಕಾರ ಇದ್ದೂ ಇಲ್ಲದಂತಿದ್ದ ಆ ಮೂರು ವಾರಗಳಲ್ಲಿ ಬ್ರಿಟನ್ನಿನ ಪಾರ್ಲಿಮೆಂಟೂ ಅಂಥದೇ ಒಂದು ಬಿಕ್ಕಟ್ಟಿನಲ್ಲಿ ಸಿಲುಕಿ ಕುಳಿತಿತ್ತು. ಯುರೋಪಿನ ಒಕ್ಕೂಟದಿಂದ ಹೊರಬರಬೇಕೆಂದು 2016ರ ಜೂನ್ 23ರಂದು ಅಲ್ಲಿನ ಜನರು ನೂರಕ್ಕೆ 52ರಷ್ಟು ಮತವಿತ್ತಿದ್ದರೂ, ಹೊರಬರುವ ಬಗೆ ಯಾವುದೆಂಬ ವಿಷಯದಲ್ಲಿ ಸಭೆಗೆ ಒಮ್ಮತವುಂಟಾಗದೆ, ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದವನ್ನು 2019ರ ಜನವರಿಯಲ್ಲಿ 230 ಮತಗಳ ಅಂತರದಿಂದಲೂ, ಮಾರ್ಚಿನಲ್ಲಿ ಮತ್ತೆರಡು ಸಲವೂ ಸದಸ್ಯರು ತಿರಸ್ಕರಿಸಿದ್ದರು. ಬದಲಿ ಮಾರ್ಗಗಳೆಂದು 8 ಸೂಚನೆಗಳನ್ನು ಒಂದೇ ಸಂಜೆ ಮತಕ್ಕಿಟ್ಟಾಗ ಎಂಟಕ್ಕೆಂಟೂ ಬಿದ್ದುಹೋದವು: ಬೇಡವೆನ್ನುವುದರಲ್ಲಿ ಇದ್ದ ಬಹುಮತ ಬೇಕೆನ್ನುವುದರಲ್ಲಿ ಇರಲಿಲ್ಲ. ಇತ್ತ ಕರ್ನಾಟಕದಲ್ಲಿ ಜುಲೈ 23ರಂದು ಮುಖ್ಯಮಂತ್ರಿ ಶ್ರೀ ಕುಮಾರಸ್ವಾಮಿಯವರು 99ಕ್ಕೆ 105 ಮತಗಳಿಂದ ವಿಶ್ವಾಸವನ್ನು ಕಳೆದುಕೊಂಡರಷ್ಟೆ. ಅದೇ ದಿನವೇ ಲಂಡನ್ನಿನಲ್ಲಿ ಬೋರಿಸ್ ಜಾನ್ಸನ್ನರು ತಮ್ಮ ಪಕ್ಷದ ನಾಯಕತ್ವಕ್ಕೆ ಆಯ್ಕೆಯಾದರು.

ಈ ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದವನಿಗೆ ಒಂದು ಸಂಗತಿ ಹೊಳೆಯದೆ ಇರದು. ಬಿಕ್ಕಟ್ಟೆಂದರೆ ರಾಜಕಾರಣಿಗಳಿಗೆ ದಾರಿ ತೋಚದ ಸ್ಥಿತಿಯೆಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಅನೇಕ ವೇಳೆ ಬಿಕ್ಕಟ್ಟೇ ಅವರು ಹಿಡಿದ ದಾರಿ. ಎದುರಾಳಿಯನ್ನು ಸೋಲಿಸಲಾಗದಿದ್ದಾಗ ಪ್ರಜೆಯನ್ನು ದಣಿಸುವುದು. ದಣಿದ ಪ್ರಜೆ "ಏನಾದರೊಂದು ಆಗಿಹೋಗಲಿ" ಎನ್ನುವವರೆಗೆ ಕಾಯುವುದು. ಆ ಮಾತು ಅವನ ಬಾಯಿಂದ ಹೊರಟೊಡನೆ ಅದನ್ನೇ ಜನಾದೇಶವೆಂದು ಶಿರಸಾ ವಹಿಸಿ ಗದ್ದುಗೆಯೇರುವುದು. ಜಾನ್ಸನ್ನರು 2019ರ ಡಿಸೆಂಬರ್ 12ರ ಚುನಾವಣೆಯಲ್ಲಿ ಇದೊಂದನ್ನು ಮುಗಿಸಿಬಿಡೋಣವೆಂಬ ಘೋಷಣೆಯನ್ನೇ ಹಿಡಿದು ಹೊರಟು 365 ಸ್ಥಾನಗಳನ್ನು ಗಳಿಸಿದರು. ಮುಗಿಸುವ ಬಗೆ ಒಳ್ಳೆಯದೇ ಕೆಟ್ಟದೇ ಎಂಬ ವಿಚಾರಕ್ಕಿಂತ ಮುಗಿಯುವುದೇ ದೊಡ್ಡದಾಗಿ ತೋರುವಷ್ಟು ಅಲ್ಲಿನ ಜನ ಬೇಸತ್ತಿದ್ದರೆಂದೇ ನನ್ನ ಎಣಿಕೆ.

ಕರ್ನಾಟಕದಲ್ಲಿ ಈ ದಣಿಸುವ ಕಾರ್ಯಕ್ಕೆ ಎರಡೂ ಕಡೆಯವರು ಹೆಗಲು ಕೊಟ್ಟರು. ಒಬ್ಬರು ಶಾಸಕರನ್ನು ಪವಾಯಿಯಲ್ಲಿ ಅಡಗಿಸಿದರೆ, ಇನ್ನೊಬ್ಬರು ಜುಲೈ 18ರಂದು ಮಂಡಿಸಿದ ವಿಶ್ವಾಸಮತದ ಸೂಚನೆಯನ್ನು ಭಾಷಣದ ಮೇಲೆ ಭಾಷಣ ಹೇರಿ 23ರವರೆಗೆ ಎಳೆದರು. ರಾಜ್ಯಪಾಲರು 19ನೆಯ ತಾರೀಖಿಗೆ ಎರಡು ಗಡುವುಗಳನ್ನು ವಿಧಿಸಿದರು, ಎರಡೂ ಮೀರಿಹೋದವು. ಘಾಟ್ಕೋಪರದ ನನ್ನ ನೆರೆಯವರು, ಅಥಣಿ ತಾಲ್ಲೂಕಿನ ಕೃಷ್ಣಾ ತೀರದವರು, ಮೊದಲ ದಿನ ಟೀವಿಯೆದುರು ಊಟದ ತಟ್ಟೆ ಹಿಡಿದು ಕುಳಿತವರು, ಮೂರನೆಯ ದಿನಕ್ಕೆ ಧ್ವನಿ ಅಡಗಿಸಿ ಚಿತ್ರವನ್ನಷ್ಟೇ ನೋಡುತ್ತಿದ್ದರು, ನಾಲ್ಕನೆಯ ದಿನ ಅದನ್ನೂ ಆರಿಸಿ ಮಲಗಿದರು. ಸಿಟ್ಟಿಗಾದರೂ ಒಂದು ಪೌರತ್ವವಿದೆ. ಈ ಔದಾಸೀನ್ಯಕ್ಕೆ ಅದೂ ಇಲ್ಲ.

ಅದರ ಬೆಲೆಯನ್ನು ಆ ತಾಲ್ಲೂಕೇ ತೆತ್ತಿತು. ಜುಲೈ 25ರಂದು ಮೂವರನ್ನೂ, 28ರಂದು ಇನ್ನು 14 ಮಂದಿಯನ್ನೂ ಅಂದಿನ ಸಭಾಧ್ಯಕ್ಷರು ಅನರ್ಹಗೊಳಿಸಿದ್ದರಿಂದ ಗೋಕಾಕ, ಅಥಣಿ, ಕಾಗವಾಡ ಈ ಮೂರೂ ಕ್ಷೇತ್ರಗಳಿಗೆ ಶಾಸಕರಿರಲಿಲ್ಲ. 26ರಂದು ಪ್ರಮಾಣವಚನ ಸ್ವೀಕರಿಸಿದ ಶ್ರೀ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಮಂತ್ರಿಗಳಿಲ್ಲದ ಏಕಾಂಗಿ ಮುಖ್ಯಮಂತ್ರಿಗಳಾಗಿದ್ದರು. ಈ ಶೂನ್ಯದ ನಡುವೆಯೇ, ಆಗಸ್ಟಿನ ಮೊದಲ ವಾರಗಳಲ್ಲಿ, ಸಹ್ಯಾದ್ರಿಯ ಮೇಲೆ ಸುರಿದ ಮಳೆ ಕೊಯ್ನಾ ಜಲಾಶಯವನ್ನು ತುಂಬಿ, ಸಾಂಗಲಿ ಕೊಲ್ಹಾಪುರಗಳನ್ನು ಮುಳುಗಿಸಿ, ಕೃಷ್ಣೆಯ ಗುಂಟ ಬೆಳಗಾವಿ ಬಾಗಲಕೋಟೆ ಜಿಲ್ಲೆಗಳಿಗೆ ನುಗ್ಗಿತು. ಇತ್ತ ಘಟಪ್ರಭೆ ಗೋಕಾಕವನ್ನು ಹೊಕ್ಕಳು. ಮುಖ್ಯಮಂತ್ರಿಗಳು ಹಳ್ಳಿಹಳ್ಳಿ ಸುತ್ತಿದರು, ಅಧಿಕಾರಿಗಳು ದುಡಿದರು, ಇಲ್ಲವೆನ್ನಲಾರೆ. ಆದರೂ ಮನೆ ಬಿದ್ದವನು ತಹಶೀಲ್ದಾರರ ಕಚೇರಿಯ ಮುಂದೆ ನಿಂತಾಗ ಅವನ ಪರವಾಗಿ ಗದರಿಸಿ ಕೇಳತಕ್ಕ ಶಾಸಕನಿಲ್ಲ, ಜಿಲ್ಲೆಗೆ ಉಸ್ತುವಾರಿ ಮಂತ್ರಿಯಿಲ್ಲ. ಪವಾಯಿಯ ರಾಜಕಾರಣ ತಟ್ಟಿದ್ದು ಇಂಥವನಿಗೆ.

ಡಿಸೆಂಬರ್ 5ರಂದು ಅದೇ ಜನ ಮತಗಟ್ಟೆಗೆ ಹೋದರು. 15 ಕ್ಷೇತ್ರಗಳ ಪೈಕಿ 12ರಲ್ಲಿ ಭಾರತೀಯ ಜನತಾ ಪಕ್ಷ ಗೆದ್ದಿತು. ಅನರ್ಹರೆನಿಸಿ ಮತ್ತೆ ಸ್ಪರ್ಧಿಸಿದ 13 ಮಂದಿಯಲ್ಲಿ 11 ಮಂದಿ ಆರಿಸಿಬಂದರು. ಅಥಣಿ, ಕಾಗವಾಡ, ಗೋಕಾಕಗಳಲ್ಲಿಯೂ ಹಾಗೆಯೇ ಆಯಿತು. ಜನರೇ ಕ್ಷಮಿಸಿದ ಮೇಲೆ ನಿನ್ನದೇನೆಂದು ಗೆದ್ದವರು ಕೇಳಬಹುದು. ಜನಾದೇಶವನ್ನು ಅಲ್ಲಗಳೆಯುವವನು ನಾನಲ್ಲ. ಜನರ ತೀರ್ಪಿಗೆ ತಲೆಬಾಗದವನು ಪ್ರಜಾಪ್ರಭುತ್ವದ ಮಾತೆತ್ತಲೇಬಾರದು. ಆಳುವ ಪಕ್ಷದ ಶಾಸಕನಿದ್ದರೆ ಪರಿಹಾರವಾದರೂ ಬಂದೀತೆಂದು ನೆರೆ ಕಂಡವನೊಬ್ಬನು ಲೆಕ್ಕ ಹಾಕಿದ್ದರೆ ಅದು ವಿವೇಕವೇ. ಆದರೆ ಅಂಥ ಲೆಕ್ಕವನ್ನಲ್ಲದೆ ಬೇರಾವುದನ್ನೂ ಹಾಕಲಾರದ ಅವಸ್ಥೆಗೆ ಅವನನ್ನು ತಂದಿರಿಸಿದ ಕಾಲಹರಣವಿದೆಯಲ್ಲ, ಅದು ವಿಚಾರಣೆಗೆ ಒಳಪಟ್ಟಿದ್ದು ಯಾವ ಮತಗಟ್ಟೆಯಲ್ಲಿ?

ಇದಕ್ಕೆ ತಮ್ಮ ಪೀಠದ ಸಂಬಂಧವೇನೆಂದರೆ, ಕಾಲದ ಬೀಗದಕೈ ಇರುವುದು ಅಲ್ಲಿಯೇ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತವನ ಸ್ಥಾನವನ್ನು ಕಸಿಯುತ್ತದೆ. ಬಾಗಿಲು ಹೀಗೆ ಮುಚ್ಚಿದ್ದರಿಂದ ರಾಜೀನಾಮೆಯೆಂಬ ಕಿಟಕಿಯಿಂದ ಹಾರುವುದನ್ನು ನಮ್ಮವರು ಕಲಿತರು. ಲಂಡನ್ನಿನಲ್ಲಿ ಈ ಕಾಯಿದೆಯಿಲ್ಲ. 2019ರ ಸೆಪ್ಟೆಂಬರ್ 3ರಂದು ಆಳುವ ಪಕ್ಷದ 21 ಸದಸ್ಯರು, ಚರ್ಚಿಲ್ಲರ ಮೊಮ್ಮಗ ನಿಕೊಲಸ್ ಸೋಮ್ಸರೂ ಸೇರಿ, ತಮ್ಮ ಸರಕಾರದ ವಿರುದ್ಧ ಸಭೆಯೊಳಗೇ ಮತವಿತ್ತರು. ಪಕ್ಷ ಅವರನ್ನು ಹೊರಹಾಕಿತಾದರೂ ಸ್ಥಾನ ಉಳಿಯಿತು. ಅವರ ಹೆಸರುಗಳು ಮತವಿಭಜನೆಯ ಪಟ್ಟಿಯಲ್ಲಿ ಅಚ್ಚಾದವು. ಯಾರೂ ಹೋಟೆಲಿನಲ್ಲಿ ಅಡಗಲಿಲ್ಲ. ಅಲ್ಲಿ ಅಂದು ಸಭಾಧ್ಯಕ್ಷರಾಗಿದ್ದ ಜಾನ್ ಬರ್ಕೋ ಅವರಾದರೋ, ತಿರಸ್ಕೃತವಾದ ಸೂಚನೆಯನ್ನೇ ಮರಳಿ ಮರಳಿ ತರಕೂಡದೆಂದು 1604ರ ಪೂರ್ವನಿದರ್ಶನವೊಂದನ್ನು ಹುಡುಕಿ ತೆಗೆದು, 2019ರ ಮಾರ್ಚ್ 18ರಂದು ಸರಕಾರವನ್ನೇ ತಡೆದರು. ಅವರು ಪಕ್ಷಪಾತಿಯೆಂದು ದೂರಿದವರಿದ್ದರು. ದೂರು ಪೂರ್ತಿ ನಿರಾಧಾರವೆಂದು ನಾನೂ ಹೇಳಲಾರೆ. ಆದರೆ ಪೀಠವೊಂದು ಮಾತಾಡಿತು, ಕಾರಣ ಹೇಳಿತು, ಹಗಲಿನಲ್ಲಿ ಹೇಳಿತು.

ನಮ್ಮಲ್ಲಿ ಈ ವಿಷಯ ಹೈಕಮಾಂಡುಗಳಿಂದ ನ್ಯಾಯಾಲಯಗಳಿಗೂ ಅಲ್ಲಿಂದ ಸಭಾಧ್ಯಕ್ಷರಿಗೂ ಚೆಂಡಿನಂತೆ ಪುಟಿಯುತ್ತದೆ. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ನಡೆಯತಕ್ಕದ್ದೆಂಬ ತತ್ತ್ವ ಕನ್ನಡಿಗರಾದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಿಂದಲೇ 1994ರಲ್ಲಿ ದೇಶಕ್ಕೆ ದೊರಕಿತು. ಆ ಪರೀಕ್ಷೆ ಎಂದು ಮುಗಿಯಬೇಕೆಂಬುದಕ್ಕೆ ಮಾತ್ರ ಕಟ್ಟಳೆ ಹುಟ್ಟಲಿಲ್ಲ. 2019ರ ನವೆಂಬರ್ 13ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು 17 ಮಂದಿಯ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ತೊಡೆದುಹಾಕಿತು. ಸಭಾಧ್ಯಕ್ಷರು ತಟಸ್ಥತೆಯಿಂದ ದೂರ ಸರಿಯುತ್ತಿರುವ ಪ್ರವೃತ್ತಿಯ ಬಗ್ಗೆ ಖೇದವನ್ನೂ ವ್ಯಕ್ತಪಡಿಸಿತು. ಮರುವರ್ಷದ ಜನವರಿಯಲ್ಲಿ ಮಣಿಪುರದ ಮೊಕದ್ದಮೆಯಲ್ಲಿ, ಅಸಾಧಾರಣ ಕಾರಣವಿಲ್ಲದಿದ್ದರೆ ಮೂರು ತಿಂಗಳೊಳಗೆ ಅನರ್ಹತೆಯ ಅರ್ಜಿಗಳು ಇತ್ಯರ್ಥವಾಗಬೇಕೆಂದಿತು. ಹಾಗಿದ್ದೂ ಮಹಾರಾಷ್ಟ್ರದಲ್ಲಿ 2022ರ ಜೂನಿನ ಬಂಡಾಯದ ಅರ್ಜಿಗಳಿಗೆ ಸಭಾಧ್ಯಕ್ಷರ ನಿರ್ಣಯ ಬಂದದ್ದು 2024ರ ಜನವರಿ 10ರಂದು. ಅಷ್ಟರೊಳಗೆ ಈ ನಗರದ ಜನ ಅದನ್ನು ಮರೆತೇಬಿಟ್ಟಿದ್ದರು.

ಆದುದರಿಂದ ನನ್ನ ಕೋರಿಕೆ ಇಷ್ಟು. ಹತ್ತನೆಯ ಅನುಸೂಚಿಯ 8ನೆಯ ಖಂಡವು ನಿಯಮ ರಚಿಸುವ ಅಧಿಕಾರವನ್ನು ತಮಗೇ ಕೊಟ್ಟಿದೆ; ದಿಲ್ಲಿಯ ಅಪ್ಪಣೆ ಅದಕ್ಕೆ ಬೇಕಿಲ್ಲ; ಸದನದ ಮುಂದೆ 30 ದಿನ ಇಟ್ಟರೆ ಸಾಕು. ಅನರ್ಹತೆಯ ಅರ್ಜಿ ಬಂದ 60 ದಿನಗಳೊಳಗೆ ನಿರ್ಣಯವಾಗತಕ್ಕದ್ದೆಂದು ಅಲ್ಲಿ ಬರೆಯಿಸಿರಿ. ರಾಜೀನಾಮೆ ಸ್ವಯಂಪ್ರೇರಿತವೂ ನೈಜವೂ ಹೌದೇ ಎಂದು ವಿಚಾರಿಸುವ ಹೊಣೆಯನ್ನು ಸಂವಿಧಾನದ 190ನೆಯ ವಿಧಿ ತಮ್ಮ ಮೇಲೆ ಹೊರಿಸಿರುವುದರಿಂದ, ಆ ವಿಚಾರಣೆ ಏಳು ದಿನಗಳೊಳಗೆ, ಸದಸ್ಯನ ಸಮ್ಮುಖದಲ್ಲಿ, ಪತ್ರಕರ್ತರಿಗೆ ತೆರೆದ ಕೋಣೆಯಲ್ಲಿ ನಡೆಯತಕ್ಕದ್ದೆಂಬ ಸಲಹೆಯನ್ನು ನಿಯಮಾವಳಿ ಸಮಿತಿಯ ಮುಂದೆ ಇರಿಸಿರಿ. ಕಾರಣಗಳನ್ನು ಅವನು ಕನ್ನಡದಲ್ಲಿ ಬರೆದುಕೊಡಲಿ. ಅದರ ಪ್ರತಿ ಅವನ ಕ್ಷೇತ್ರದ ತಾಲ್ಲೂಕು ಕಚೇರಿಯ ಫಲಕದ ಮೇಲೆ ಅಂಟಲಿ. ಅಥಣಿಯ ಫಲಕದ ಮೇಲೆ ಅಂಟಿದ ಕಾಗದವನ್ನು ನನ್ನ ನೆರೆಯವರು ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಓದಿಕೊಂಡು ಬರುತ್ತಾರೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಈ ನಿಯಮಗಳಿಂದ ಮುಂದೊಂದು ದಿನ ತಮ್ಮ ಪಕ್ಷಕ್ಕೇ ತೊಡಕಾಗಬಹುದು. ಅದನ್ನು ಅರಿತೇ ಬರೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮುಂಬಯಿಯ ಒಬ್ಬ ಕನ್ನಡಿಗ