ಯಾರ ಮಾತು ಕೇಳಬೇಕು? (ಭಾಗ 4)

ಪೊನ್ನಂಪೇಟೆಯಿಂದ ವಿರಾಜಪೇಟೆಗೆ ಹೋದಾಗಲೆಲ್ಲ ಸಂತ ಅನ್ನಮ್ಮ ಚರ್ಚ್ ಮುಂದೆ ಒಂದು ನಿಮಿಷ ನಿಲ್ತೀನಿ. 1792ರಲ್ಲಿ ಶುರುವಾದ ಚರ್ಚ್ ಇದು.

1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ಆಶ್ರಯ ಕೊಟ್ಟವನು ದೊಡ್ಡವೀರರಾಜೇಂದ್ರ. ಅವನು ಕ್ರೈಸ್ತನಲ್ಲ, ಹಾಲೇರಿ ವಂಶದ ರಾಜ. ಒಬ್ಬ ಅರಸನಿಂದ ಓಡಿ ಬಂದವರು ಇನ್ನೊಬ್ಬ ಅರಸನ ನೆರಳಲ್ಲಿ ನಿಯತ್ತಾಗಿ ಬಾಳಿದರು.

ಅದಕ್ಕೇ ಹೇಳ್ತೀನಿ, ಅಪೊಸ್ತಲರ ಕೃತ್ಯಗಳು 5 ಮತ್ತು ರೋಮಾಪುರ 13 ಒಂದಕ್ಕೊಂದು ವಿರುದ್ಧ ಅಲ್ಲ. ಹಿರೀಸಭೆ ಬೇಡ ಅಂದರೂ ಪೇತ್ರ ಸಾರೋದನ್ನ ನಿಲ್ಲಿಸಲಿಲ್ಲ. ಆದರೆ ಏಟು ಬಿದ್ದಾಗ ತಿರುಗಿ ಹೊಡೆಯಲೂ ಇಲ್ಲ.

ಪಕ್ಕದ ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಮನೆಯ ಮೂವರು ಮಕ್ಕಳನ್ನ ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದ್ರು. ಆ ಮಕ್ಕಳು ಗೌರವದಿಂದ ಎದ್ದು ನಿಲ್ತಿದ್ರು, ಹಾಡ್ತಿರಲಿಲ್ಲ ಅಷ್ಟೇ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅವರ ಬೋಧನೆ ನಾನು ಒಪ್ಪಲ್ಲ. ಆದರೆ ಅವರು ನಿಂತ ರೀತಿ ನಮಗೆ ಪಾಠ.

ಹೆಲ್ಮೆಟ್ ಹಾಕದೇ ಇರೋದಕ್ಕೆ, ತೆರಿಗೆ ತಪ್ಪಿಸೋದಕ್ಕೆ, ಮನೆಯ ಹಿರಿಯರ ಮೇಲೆ ರೇಗೋದಕ್ಕೆ ದೇವರ ಹೆಸರು ತರಬೇಡಿ. ದೇವರನ್ನೇ ಬಿಡು ಅಂದಾಗ, ಸುಳ್ಳು ಸಹಿ ಹಾಕು ಅಂದಾಗ, ತಲೆ ತಗ್ಗಿಸಿಯೇ ‘ಆಗಲ್ಲ’ ಅನ್ನಿ. ಬಂದ ಕಷ್ಟ ನೀವೇ ಹೊರಿ, ಪಕ್ಕದವರ ಹೆಗಲಿಗೆ ಹಾಕಬೇಡಿ.

ನಿಮಗೂ ಹಾಗೆ ‘ಆಗಲ್ಲ’ ಅನ್ನೋ ದಿನ ಬಂದಿತ್ತಾ? ಕಾಮೆಂಟಲ್ಲಿ ಬರೀರಿ. 🙏

#ಕೊಡಗು #ಪೊನ್ನಂಪೇಟೆ #ನಂಬಿಕೆ